ಮುಂಜಿ ಗಾಯ ನೋಡುವ ಹುಸೇನವ್ವ

"ಮೊದಲು ಮಗಿನ ಕಣ್ಣು ನೋಡ್ರವ್ವ. ಬಿಳಿಗುಡ್ಡೆ ಹಳದಿಗೆ ತಿರುಗಿದ್ರೆ ಮುಂದೊಗಲು ತೆಗೆಸೋ ಮುಂಜಿ ಮಾತು ಎತ್ತಬ್ಯಾಡ್ರಿ. ತಿಂಗಳು ತುಂಬದೆ ಹುಟ್ಟಿದ ಕೂಸಿಗೂ ಬ್ಯಾಡ, ಮೊಲೆ ಹಿಡಿದು ಚೆಂದಾಗಿ ಚೀಪದ ಕೂಸಿಗೂ ಬ್ಯಾಡ. ಈಗಲ್ಲದಿದ್ರೆ ಇನ್ನೊಂದು ವರ್ಷಕ್ಕೆ, ಅವಸರ ಏನೈತೆ? ಮಾಡೋನು ಕತ್ತಿ ಕುದಿಯೋ ನೀರಿಗೆ ಹಾಕಿದ್ನೋ ಇಲ್ಲೋ ನಿಮ್ಮ ಕಣ್ಣಿಂದ ನೋಡ್ರಿ, ಬಾಯಿಮಾತು ನಂಬಬ್ಯಾಡ್ರಿ. ಆದಮ್ಯಾಲೆ ಬೂದಿ ಉದುರಿಸಬ್ಯಾಡ್ರಿ, ಒಲೆಮಸಿ ಮೆತ್ತಬ್ಯಾಡ್ರಿ. ಹಳೇ ಬಟ್ಟೆ ಕುದಿಸಿ, ಬಿಸಿಲಿಗೆ ಒಣಗಿಸಿ, ಕಾಸಿದ ತುಪ್ಪ ಸವರಿ ಇಡ್ರಿ, ಅಂಟ್ಕಣಲ್ಲ. ಮೂರನೇ ದಿನಕ್ಕೆ ತುದೀಲಿ ಹಳದಿ ಪೊರೆ ಕಂಡ್ರೆ ಕೀವು ಅಂತ ಉಜ್ಜಬ್ಯಾಡ್ರಿ, ಅದು ಮಾಯೋ ಗುರುತು. ಅರ್ಧ ದಿನ ಕಳೆದ್ರೂ ಉಚ್ಚೆ ಹೊಯ್ಯದಿದ್ರೆ, ಒತ್ತಿ ಹಿಡಿದ್ರೂ ರಕ್ತ ನಿಲ್ಲದಿದ್ರೆ, ಬಾತು ವಾಸನೆ ಬಂದ್ರೆ, ಮೈ ಸುಟ್ರೆ, ಹಾಲು ಬಿಟ್ರೆ, ತಾಯ್ತ ಕಟ್ಕಂಡು ಕುಂತ್ಕಬ್ಯಾಡ್ರಿ, ಆಸ್ಪತ್ರೆಗೆ ಓಡ್ರಿ. ಇದೆಲ್ಲಕ್ಕಿಂತ ಮುಂಚೆ ಕೇಳೋ ಮಾತು ಒಂದೈತೆ. ಅಪ್ಪನ ಕಡೇರನ್ನ ಕೇಳಿದ್ರೆ ಸಾಲದು. ಒಳಗೆ ಮಲಗಿರೋ ಬಾಣಂತೀನ ಕೇಳ್ರಿ. ನಿನ್ನ ಅಣ್ಣತಮ್ಮರಲ್ಲಿ, ನಿಮ್ಮವ್ವನ ಅಣ್ಣತಮ್ಮರಲ್ಲಿ ರಕ್ತ ನಿಲ್ಲದೆ ಹೋದೋರು ಯಾರಾದ್ರೂ ಇದ್ರೇನವ್ವ ಅಂತ."

ಹಿರಿಯೂರಿನ ಪಿಂಜಾರರ ಓಣಿಯಲ್ಲಿ ಹುಸೇನವ್ವ ಈ ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಕೊನೆಯ ಮಾತನ್ನು ಮಾತ್ರ ಅವಳು ಸುಮ್ಮನೆ ಕಲಿತದ್ದಲ್ಲ. ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಒಂದು ಮಧ್ಯಾಹ್ನ ಬಾಯಿ ಬಿಟ್ಟು ಕಲಿತದ್ದು.

ಅವಳ ಗಂಡ ದಾದಪ್ಪ ಓಣಿಯ ಗಂಡುಮಕ್ಕಳಿಗೆಲ್ಲ ಮುಂಜಿ ಮಾಡುತ್ತಿದ್ದ ಹಜಾಮ. ಐದೋ ಆರೋ ವರ್ಷದ ಹುಡುಗನನ್ನು ಒರಳ ಮೇಲೆ ಕೂರಿಸಿ, "ಅಗೋ, ಮ್ಯಾಲೆ ಗಿಣಿ ನೋಡಲೇ" ಅನ್ನುವಷ್ಟರಲ್ಲಿ ಮುಂದೊಗಲು ತೆಗೆದುಬಿಡುತ್ತಿದ್ದ. ಅವನ ಕೆಲಸ ಒಂದು ಗಳಿಗೆಯದು. ಆಮೇಲಿನ ಎಂಟು ಹತ್ತು ದಿನ ಹುಸೇನವ್ವನದು. ಬೆಳಗಾದರೆ ಬಟ್ಟೆ ಬಿಚ್ಚಿ ನೋಡಿ, ತೊಳೆದು, ತುಪ್ಪ ಸವರಿ, ಅಳುವ ಹುಡುಗನಿಗೆ ಬೆಲ್ಲದ ಚೂರು ಕೊಟ್ಟು ಬರುತ್ತಿದ್ದಳು. ಅವಳು ಹೊಸಿಲು ತುಳಿದರೆ ಮನೆಯವರು ಎದ್ದು ಚಾಪೆ ಹಾಸುತ್ತಿದ್ದರು.

ದಾದಪ್ಪ ತೀರಿದ. ಅದೇ ಹೊತ್ತಿಗೆ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಕೆಲಸ ಜೋರಾಗಿ ನಡೆದಿತ್ತು. ಅಲ್ಲಿ ಕೂಲಿಯವರ ಗಾಯ ಕಟ್ಟುವುದನ್ನು ಕಲಿತ ಇಮಾಮಪ್ಪ ಎಂಬ ಹಜಾಮರ ಹುಡುಗ ಊರಿಗೆ ಬಂದು ನಿಂತ. ಅವನದು ಕುದಿಸಿದ ಕತ್ತಿ, ಹಿಂಜಿದ ಬಿಳಿ ಹತ್ತಿ, ಮೂಗಿಗೆ ಘಾಟು ಬಡಿಯುವ ಹಳದಿ ಪುಡಿ. ಹುಟ್ಟಿದ ಏಳನೇ ದಿನ ತಲೆಗೂದಲು ತೆಗೆದು ಹೆಸರಿಡುವಾಗಲೇ ಮುಂಜಿಯನ್ನೂ ಮುಗಿಸಿಬಿಡುತ್ತಿದ್ದ. "ಮಗಿಗೆ ಗೊತ್ತೇ ಆಗಲ್ಲ ಕಣವ್ವ, ಎಷ್ಟು ಹಗುರ ಕೈ!" ಎಂದು ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ಹೇಳುವಾಗ ಹುಸೇನವ್ವನ ಕೊಡದ ಹಗ್ಗ ಕೈಯಲ್ಲೇ ನಿಲ್ಲುತ್ತಿತ್ತು. ಗಾಯ ನೋಡಲೂ ಅವನೇ ಬರುತ್ತಿದ್ದ. ಅವಳನ್ನು ಕರೆಯುವವರಿಲ್ಲ.

ಅವನು ಯಾರ ಮನೆಗೆ ಹೋದ, ಎಷ್ಟು ಹೊತ್ತು ಕೂತ, ಚಾ ಕೊಟ್ಟರೋ ಮಜ್ಜಿಗೆ ಕೊಟ್ಟರೋ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಅವನು ಮುಂಜಿ ಮಾಡಿದ ಕೂಸು ಅತ್ತರೆ ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದಳು, ಅಳು ನಿಂತರೆ ಬೇಸರವಾಗುತ್ತಿತ್ತು. ಹಾಗೆ ಬೇಸರವಾದದ್ದಕ್ಕೆ ತೋಬಾ ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು, ಮರುದಿನ ಮತ್ತೆ ಕಿವಿಯಿಡುತ್ತಿದ್ದಳು. ಎಲ್ಲಕ್ಕಿಂತ ಅವಳನ್ನು ಸುಡುತ್ತಿದ್ದದ್ದು ಅವನ ವಿನಯ. ಎದುರು ಸಿಕ್ಕರೆ, "ಚೆಂದಾಗಿದ್ದೀರಾ ದೊಡ್ಡವ್ವ?" ಎಂದು ತಲೆ ಬಾಗಿಸುತ್ತಿದ್ದ. ಒಂದು ದಿನವಾದರೂ ಸೊಕ್ಕಿನ ಮಾತಾಡಿದ್ದರೆ ಬೈದು ಹಗುರಾಗುತ್ತಿದ್ದಳು.

ಹತ್ತಿ ಹಿಂಜುವ ಫಕ್ರಪ್ಪನಿಗೆ ಗಂಡುಮಗು ಹುಟ್ಟಿತು. ಹೆಂಡತಿ ಮಾಬವ್ವ ಮಾಡದಕೆರೆಯವಳು. ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಏಳನೇ ದಿನ ಊಟಕ್ಕೆ ಹುಸೇನವ್ವನಿಗೂ ಹೇಳಿ ಕಳಿಸಿದರು. ಬರೀ ಊಟಕ್ಕೆ.

ಗಂಡಸರು ಅಂಗಳದಲ್ಲಿ ಕೂತಿದ್ದರು. ಹುಸೇನವ್ವ ಬಾಣಂತಿ ಕೋಣೆಯೊಳಗೆ ಹೋಗಿ ಕೂಸನ್ನು ತೊಡೆಗೆ ಹಾಕಿಕೊಂಡಳು. ಸೊಂಟದ ಉಡಿದಾರ ಒತ್ತಿದ ಜಾಗದಲ್ಲಿ ನೀಲಿಗಟ್ಟಿತ್ತು.

"ಏನೇ ಇದು?"

"ಎತ್ತಿಕೊಂಡ್ರೂ ಹಂಗೇ ಕಂದ್ತೈತೆ ಅಜ್ಜಿ. ಹೊಕ್ಕಳು ಉದುರಿದಾಗಿಂದ ಅಷ್ಟಷ್ಟೇ ಜಿನುಗ್ತೈತೆ" ಎಂದಳು ಮಾಬವ್ವ.

ಹುಸೇನವ್ವ ಉಡಿದಾರ ಸಡಿಲಿಸಿದಳು. ಹದಿನೈದು ವರ್ಷದ ಹಿಂದೆ ಮಾಡದಕೆರೆಯಲ್ಲಿ ದಾದಪ್ಪ ಒಬ್ಬ ಹುಡುಗನಿಗೆ ಮುಂಜಿ ಮಾಡಿದ್ದ. ಆ ಹುಡುಗ ಮಾಬವ್ವನ ಅಣ್ಣ. ಒತ್ತಿದರೆ ನಿಲ್ಲುವುದು, ಬಿಟ್ಟರೆ ಜಿನುಗುವುದು, ಹೀಗೆ ಎರಡು ಹಗಲು ಹುಸೇನವ್ವ ಬಟ್ಟೆ ಬದಲಿಸಿದ್ದಳು. ಮೂರನೇ ದಿನ ಹುಡುಗ ಬಿಳಿಚಿಕೊಂಡು ತೀರಿಹೋದ. "ನನ್ನ ತಮ್ಮನೂ ಹಲ್ಲು ಕಿತ್ತಾಗ ಹಿಂಗೇ ಹೋದ" ಎಂದು ಅವನ ತಾಯಿ ಎದೆ ಬಡಿದುಕೊಂಡಿದ್ದಳು. ಹುಡುಗ ಕದಲಿದ್ದಕ್ಕೆ ಹಾಗಾಯಿತು ಎಂದ ದಾದಪ್ಪ. ಊರವರು ದೃಷ್ಟಿ ಎಂದರು. ಆಗ ಮಾಬವ್ವ ಮೊಲೆ ಬಿಡದ ಕೂಸು. ಮುಂಜಿಯಾದ ಮೇಲೆ ದೃಷ್ಟಿ ತಾಗಿ ಅಣ್ಣ ಹೋದ ಎಂದಷ್ಟೇ ಅವಳು ಕೇಳಿದ್ದಳು.

ಅಷ್ಟರಲ್ಲಿ ಅಂಗಳದಿಂದ ಇಮಾಮಪ್ಪನ ದನಿ ಕೇಳಿಸಿತು. "ಫಕ್ರಣ್ಣ, ನಿಮ್ಮ ಮನೇಲಿ ರಕ್ತ ನಿಲ್ಲದ ಕಾಯಿಲೆ ಯಾರಿಗಾರ ಐತಾ?"

"ನಮ್ಮಪ್ಪ, ನಮ್ಮಜ್ಜ, ನಾವು ಐದು ಜನ, ಎಲ್ಲ ಕಲ್ಲುಗುಂಡು. ಶುರು ಮಾಡಪ್ಪ."

ಮನೆ ಎಂದರೆ ಗಂಡನ ಮನೆ. ಅಂಗಳದವರು ಕೇಳಿದರು, ಅಂಗಳದವರು ಹೇಳಿದರು, ಆಯಿತು. ಎರಡು ಮಾರಿನಾಚೆ ಮಲಗಿದ್ದ ಬಾಣಂತಿಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹುಸೇನವ್ವನಿಗೆ ಒಳಗೊಳಗೇ ಸಿಹಿ ತಿಂದಂತಾಯಿತು. ಭಾರೀ ತಿಳಿದವನು! ಮಾಡಲಿ. ಹಳದಿ ಪುಡಿ ಎಷ್ಟು ರಕ್ತ ಹೀರುತ್ತದೆ ನೋಡೋಣ. ನಾಳೆ ಇದೇ ಫಕ್ರಪ್ಪ ನನ್ನ ಬಾಗಿಲಿಗೆ ಓಡಿ ಬಂದು, ದೊಡ್ಡವ್ವ, ಬರ್ರಿ, ಕೂಸು ಉಳಿಸಿಕೊಡ್ರಿ ಅನ್ನುತ್ತಾನೆ. ಈಗ ಹೇಳಿದರೆ ನನ್ನ ಗಂಡನ ಕೈಯಲ್ಲಿ ಹುಡುಗ ಸತ್ತದ್ದು ಹೊರಬೀಳುತ್ತದೆ, ಈ ಇಮಾಮಪ್ಪ ಪಾರಾಗುತ್ತಾನೆ. ಹೀಗೆ ಅಂದುಕೊಳ್ಳುತ್ತಲೇ ಕೂಸನ್ನು ಹೊರಗೆ ಕೊಡಲು ಎದ್ದಳು. ಅದು ಅವಳ ಕಿರುಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ಬಾಗಿಲವರೆಗೆ ಬಂದವಳು ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.

"ಕೊಡಲ್ಲ. ಇದಕ್ಕೆ ಕತ್ತಿ ತಾಕಿಸಬ್ಯಾಡ್ರಿ."

ಫಕ್ರಪ್ಪ ಎದ್ದ. "ಯಾಕೆ ಹುಸೇನವ್ವ? ನಿನ್ನ ಕರೀಲಿಲ್ಲ ಅಂತಾನಾ?"

"ಹೊಟ್ಟೆಕಿಚ್ಚು ಬಿಡಪ್ಪ. ಮೂರು ವರ್ಷದಿಂದ ಇವನ ಮನೆ ಕಡೆ ಮಣ್ಣು ತೂರೋದೊಂದು ಬಾಕಿ!" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

"ಹೊಟ್ಟೆಕಿಚ್ಚು ಐತೆ" ಅಂದಳು ಹುಸೇನವ್ವ. "ಇವನ್ನ ಕಂಡ್ರೆ ಮೈ ಉರೀತೈತೆ. ಆದ್ರೆ ಮಾಬವ್ವನ ಅಣ್ಣ ಮುಂಜಿ ಆದ ಮೂರನೇ ದಿನ ರಕ್ತ ಹೋಗಿ ಸತ್ತ. ಕೊಯ್ದೋನು ನನ್ನ ಗಂಡ, ಬಟ್ಟೆ ಹಿಡಿದೋಳು ನಾನು. ಇವಳ ಸೋದರಮಾವನೂ ಹಂಗೇ ಹೋದ. ಈ ಮಗಿನ ಹೊಕ್ಕಳು ನೋಡ್ರಿ, ಸೊಂಟ ನೋಡ್ರಿ."

ಒಳಗೆ ಮಾಬವ್ವ ಗೊಳೋ ಎಂದು ಅತ್ತಳು. ಇಮಾಮಪ್ಪ ಬಂದು ಹೊಕ್ಕಳ ಬಟ್ಟೆ ಸರಿಸಿ ನೋಡಿದ, ನೀಲಿಗಟ್ಟಿದ ಜಾಗ ನೋಡಿದ. ಕತ್ತಿಯನ್ನು ಒರೆಸಿ ಸುತ್ತಿಟ್ಟ.

"ದೊಡ್ಡವ್ವ ಹೇಳೋದು ಸರಿ. ನಾನು ಮುಟ್ಟಲ್ಲ. ಕೂಸನ್ನ ದುರ್ಗದ ಡಾಕ್ಟರಿಗೆ ತೋರಿಸ್ರಿ. ಪ್ರಾಣಕ್ಕೆ ಕುತ್ತು ಇದ್ರೆ ಮುಂಜಿ ಬಿಡಬೌದು, ಖಾಜಿ ಸಾಹೇಬ್ರನ್ನ ಕೇಳ್ರಿ ಬೇಕಾದ್ರೆ."

ಆ ಹುಡುಗ ಮುಂಜಿಯಿಲ್ಲದೆ ಬೆಳೆದ. ಹಾಲುಹಲ್ಲು ಬಿದ್ದಾಗ ಐದು ದಿನ ಒಸಡು ಒಸರಿತು, ಆದರೂ ಉಳಿದ.

ಆದರೆ ಅವತ್ತು ಊಟಕ್ಕೆ ಕೂತವರ ಬಾಯಲ್ಲಿ ಇದ್ದದ್ದು ಒಂದೇ ಮಾತು. "ಎಂಥಾ ತಿಳುವಳಿಕಸ್ಥನಪ್ಪ ಇಮಾಮಪ್ಪ! ಬೇರೆಯವನಾಗಿದ್ರೆ ಕೊಯ್ದೇ ಬಿಡ್ತಿದ್ದ." ಹೆಂಗಸರ ಸಾಲಿನಲ್ಲೋ ದಾದಪ್ಪನ ಕೈಯಲ್ಲಿ ಹುಡುಗ ಸತ್ತ ಸುದ್ದಿ ಆಗಲೇ ಎಲೆಯಿಂದ ಎಲೆಗೆ ಹೋಗುತ್ತಿತ್ತು. ಹುಸೇನವ್ವ ಅರ್ಧಕ್ಕೇ ಎದ್ದು ಕೈ ತೊಳೆದಳು. ಬಾಗಿಲಲ್ಲಿ ಇಮಾಮಪ್ಪ ಸಿಕ್ಕ.

"ದೊಡ್ಡವ್ವ, ಇನ್ನು ಮ್ಯಾಲೆ ನಾನು ಎಲ್ಲಿ ಹೋದ್ರೂ ಮೊದಲು ನೀವು ಒಳಗೆ ಹೋಗಿ ಬಾಣಂತೀನ ಕೇಳಿ ಬರ್ಬೇಕು. ಗಂಡಸು ಅಂತ ನನ್ನ ಒಳಗೆ ಬಿಡಲ್ಲ."

"ನಿನ್ನ ಕೈಕೆಳಗೆ ನಾನೇನಲೇ?"

"ಇಲ್ಲ. ನೀವು ಹೂಂ ಅಂದ್ರೇನೇ ನಾನು ಕತ್ತಿ ಬಿಚ್ಚೋದು."

ಅದಕ್ಕೂ ಅವಳಿಗೆ ಮೈ ಉರಿಯಿತು. ಇಂಥ ಮಾತು ದಾದಪ್ಪ ಒಂದು ದಿನವೂ ಅವಳಿಗೆ ಆಡಿರಲಿಲ್ಲ. "ನೋಡಾಣ" ಎಂದಷ್ಟೇ ಹೇಳಿ ಮನೆಗೆ ಬಂದು, ಕೊಡ ಎತ್ತಿಕೊಂಡು, ಹೆಂಗಸರಿದ್ದ ಬಾವಿಕಟ್ಟೆಗೆ ಹೋಗದೆ ವೇದಾವತಿಗೆ ಇಳಿದಳು. ಹೊಳೆ ಬತ್ತಿತ್ತು. ಕೂತು ಮರಳು ಬಗೆದಳು. ಮೊದಲು ಬಂದ ಕದಡು ನೀರನ್ನು ಎರಡು ಸಲ ಆಚೆ ಚೆಲ್ಲಿದಳು. ತಿಳಿಯಾಗುವವರೆಗೆ ಕಾದು, ಚಿಪ್ಪಿನಿಂದ ಮೊಗೆಮೊಗೆದು ಕೊಡಕ್ಕೆ ಸುರಿಯತೊಡಗಿದಳು.