ಕನ್ಯಾ ನೋಡಲು ಬಂದವರ ಫುಲ್ ಫಾರ್ಮ್ ಪರೀಕ್ಷೆ

ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್ ಎಂಜಿನಿಯರಿಂಗ್ ಮುಗಿಸಿ, ನೌಕರಿ ಹುಡುಕುತ್ತ ಇಳಕಲ್ಲಿನ ಮನೆಯಲ್ಲಿ ಕುಳಿತಿದ್ದೆ. ಅಂಥ ಒಂದು ಭಾನುವಾರ ಬಾಗಲಕೋಟೆಯಿಂದ ನನ್ನನ್ನು ನೋಡಲು ಬಂದರು. ಹುಡುಗನೂ ನಾನು ಓದಿದ್ದನ್ನೇ ಓದಿದವ. ಮೊಬೈಲ್ ಟವರ್ ನೋಡಿಕೊಳ್ಳುವ ಕಂಪನಿಯಲ್ಲಿ ಕೆಲಸ. "ಇಬ್ಬರದೂ ಒಂದ ಲೈನ್. ಮಾತಾಡಾಕ ಭಾಳ ಸಿಗತೈತಿ" ಅಂತ ಅವ್ವ ಹಿಗ್ಗಿದ್ದಳು.

ಮಾತಾಡಿದವರು ಹುಡುಗನ ಕಾಕಾ. ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಕೋಚಿಂಗ್ ಕ್ಲಾಸ್ ನಡೆಸುವ ಮನುಷ್ಯ. ಮಂಡಕ್ಕಿ ಸೂಸಲದ ತಾಟು ಕೈಗೆ ಕೊಡುತ್ತಿದ್ದಂತೆ ಶುರು ಮಾಡಿಬಿಟ್ಟರು.

"ಇಸಿ ಓದೀಯಂತಲ್ಲ ತಂಗಿ. ಎಲ್‌ಇಡಿ ಫುಲ್ ಫಾರ್ಮ್ ಹೇಳು ನೋಡೂಣು."

"ಲೈಟ್ ಎಮಿಟಿಂಗ್ ಡಯೋಡ್."

"ರಡಾರ್?"

ಅದನ್ನೂ ಹೇಳಿದೆ. ನಾಲ್ಕು ವರ್ಷ ಓದಿದ್ದನ್ನು ಒಬ್ಬರು ಸೂಸಲ ಅಗಿಯುತ್ತ ಅಳೆಯುತ್ತಿದ್ದರು. ಮಗ್ಗಿ ಒಪ್ಪಿಸುವ ಎರಡನೇ ಇಯತ್ತೆಯ ಹುಡುಗಿಯಂತೆ ನಾನು ಸೆರಗು ಹೊದ್ದು ಕುಳಿತಿದ್ದೆ.

"ಮೋಡೆಮ್?"

"ಮಾಡ್ಯುಲೇಟರ್, ಡಿಮಾಡ್ಯುಲೇಟರ್. ಅದು ಏನು ಮಾಡತೈತಿ ಅನ್ನೂದನ್ನೂ ಹೇಳ್ಲೇನ್ರಿ?"

"ಬ್ಯಾಡವಾ. ಅದನ್ನ ಪರೀಕ್ಷಾದಾಗ ಕೇಳೂದಿಲ್ಲ" ಅಂದರು. ನಗಲೂ ಇಲ್ಲ, ನಿಜವಾಗಿಯೇ ಹಾಗೆ ನಂಬಿದ್ದರು.

ಕಡೆಗೆ ಸಿಮ್ ಕೇಳಿದರು. ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್ ಅಂದೆ.

"ತಪ್ಪ! ಕಡೀದು ಮಷೀನ್. ನಮ್ಮ ಕ್ಲಾಸಿನ ಹುಡುಗರಿಗೆ ಇದನ್ನ ಬಾಯಿಪಾಠ ಮಾಡಸ್ತೇನಿ ನಾ."

ಉಗುರಿನಷ್ಟು ಅಗಲದ ಆ ಚೂರು ಇವರಿಗೆ ಮಷೀನು! "ಮಾಡ್ಯೂಲ್‌ನ ಸರಿ ರೀ" ಅಂದೆ. ಅವರು ಅಪ್ಪನ ಕಡೆ ತಿರುಗಿ, "ಈಗಿನ ಕಾಲೇಜಿನಾಗ ಏನ್ ಕಲಸ್ತಾರೋ ಏನೋ ಸರ್" ಅಂದರು. ಇಡೀ ಸರ್ವಿಸ್ಸು ಮಕ್ಕಳ ಕಾಪಿಯಲ್ಲಿ ಕೆಂಪು ಗೆರೆ ಎಳೆದ ಸಾಲಿ ಮಾಸ್ತರ ನಮ್ಮಪ್ಪ, ಅವತ್ತು ಹಲ್ಲು ಕಿರಿದು, "ಹೌದ್ರಿ, ಇರಬಹುದ್ರಿ" ಅಂದ.

ನಾನು ಸೀದಾ ಹುಡುಗನನ್ನೇ ಕೇಳಿದೆ: "ನೀವೂ ಇಸಿನ ಅಲ್ರಿ? ಯಾವುದು ಖರೆ, ನೀವ ಹೇಳ್ರಿ."

ಅವನಿಗೆ ಗೊತ್ತಿತ್ತು. ತಟ್ಟನೆ ತಲೆ ಎತ್ತಿದ ರೀತಿಯಲ್ಲೇ ತಿಳಿಯಿತು. ಆಮೇಲೆ ಕಾಕಾನ ಮುಖ ನೋಡಿದ, ಚಹಾದ ಕಪ್ಪು ನೋಡಿದ. "ಕಾಕಾ ಹೇಳಿದ್ದ ಇರಬೇಕು" ಅಂದ. ಟವರ್ ಹತ್ತುವ ಧೈರ್ಯ ಇದ್ದವನಿಗೆ ಕುರ್ಚಿಯ ಮೇಲೆ ಕುಳಿತು ಒಂದು ಶಬ್ದ ಹೇಳಲು ಎದೆ ಇರಲಿಲ್ಲ.

ಅವರು ಹೋದ ಮೇಲೆ ಹುಡುಗ ಬೇಡವೆಂದೆ. ಅವ್ವ ಖಾಲಿ ತಾಟುಗಳನ್ನು ಬಚ್ಚಲಲ್ಲಿ ದಡದಡ ಎಸೆದಳು. "ಒಂದು ಶಬ್ದಕ್ಕ ಯಾರರ ಸಂಬಂಧ ಬಿಡ್ತಾರೇನ? ನಾಳೆ ಮಂದಿ ಕೇಳಿದರ ಏನಂತ ಹೇಳ್ಲಿ?"

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಕುಂತ ಬೇ ಅವ. ನಾಳೆ ಆ ಮನ್ಯಾಗ ನನಗ ಯಾರರ ಏನರ ಅಂದರೂ ಹಿಂಗ ಕುಂದರ್ತಾನ."

ಅಪ್ಪ ಸಂಬಂಧ ತಂದಿದ್ದ ಮಧ್ಯಸ್ಥನಿಗೆ ಫೋನ್ ಮಾಡಿ, "ಹುಡುಗಿ ಇನ್ನೂ ಓದ್ತೇನಿ ಅಂತಾಳ್ರಿ" ಅಂತ ತೇಲಿಸಿದ. ಫೋನ್ ಇಟ್ಟ ಮೇಲೂ ನನ್ನ ಕಣ್ಣು ತಪ್ಪಿಸಿಕೊಂಡೇ ಓಡಾಡಿದ. ಅಪ್ಪನ ಮೇಲೂ ನನಗೆ ಹೇಸಿಕೆ ಬಂತು. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಮುಂದಿನ ವಾರ ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಕೆಲಸಕ್ಕೆ ಸಂದರ್ಶನವಿತ್ತು. ಬಸ್ಸು ಹುನಗುಂದ ದಾಟಿ ಕಮತಗಿಯಲ್ಲಿ ನಿಂತಾಗ ಬಯೋಡೇಟಾದಲ್ಲಿದ್ದ ನನ್ನ ನಂಬರಿಗೆ ಆ ಹುಡುಗನಿಂದ ವಾಟ್ಸಾಪ್ ಬಂತು: "ಮಾಡ್ಯೂಲ್‌ನ ಸರಿ. ಅವತ್ತ ನನಗ ಗೊತ್ತಿತ್ತು. ಹಿರ್ಯಾರ ಮುಂದ ಹೆಂಗ ಹೇಳೂದು? ತಪ್ಪ ತಿಳ್ಕೋಬ್ಯಾಡ್ರಿ."

ಎಲ್ಲರೂ ಎದುರಿಗಿದ್ದಾಗ ನುಂಗಿದ್ದನ್ನು ಈಗ ನನ್ನೊಬ್ಬಳ ಕಿವಿಯಲ್ಲಿ ಉಸುರುತ್ತಿದ್ದ. "ಇದನ್ನ ನಿಮ್ಮ ಕಾಕಾಗ ಕಳಸ್ರಿ. ಅವರ ಕ್ಲಾಸಿನ ಹುಡುಗರು ತಪ್ಪ ಬರ್ಯಾಕತ್ತಾರ" ಎಂದು ಬರೆದೆ. ಓದಿದ, ನೀಲಿ ಗೆರೆ ಬಿದ್ದವು. ಬಸ್ಸು ಹೊರಟಿತು, ನಾನು ಫೋನನ್ನು ಚೀಲದೊಳಗೆ ಹಾಕಿದೆ.

ಕೆಲಸ ನನಗೇ ಸಿಕ್ಕಿತು. ಈಗ ಕ್ಲಾಸಿನಲ್ಲಿ ಯಾವ ಯಂತ್ರದ ಹೆಸರು ಬಂದರೂ, ಅದು ಏನು ಮಾಡುತ್ತದೆ ಅಂತ ಮೊದಲು ಕೇಳುತ್ತೇನೆ.