ಹುಸೇನಸಾಬನ ಕಾಲಡಿಯ ಕೌದಿ

ಗೆಳೆಯರೇ, ಇವತ್ತು ಅಕ್ಕನ ಮಗಳು ನೀಲವ್ವನಿಗೆ ಹೆರಿಗೆ ನೋವು ಬಂತು. ಹುಸೇನಸಾಬನ ಬಾಡಿಗೆ ಮೋಟಾರಿನಲ್ಲಿ ನಮ್ಮೂರು ಮಸೂತಿಯಿಂದ ಬಾಗೇವಾಡಿ ದವಾಖಾನೆಗೆ ಹೊರಟೆವು. ಏರು ಬಂದದ್ದೇ ಮೋಟಾರು ತೆವಳತೊಡಗಿತು. ಎತ್ತಿನ ಬಂಡಿಯೊಂದು ನಮ್ಮನ್ನು ದಾಟಿಹೋಯಿತು!

"ಎಕ್ಸಿಲರೇಟರ್ ಪೂರಾ ಒತ್ತೇನ್ರಿ ಕಾಕಾ, ಜೋರ ಹಿಡಿವಲ್ದು," ಎಂದ ಹುಸೇನಸಾಬ.

"ಇದರ ಮರ್ಮ ನನಗ ಬಿಡು," ಎಂದು ಇಳಿದೆ. ಪೆಟ್ರೋಲ್ ನಳಿಗೆಯಲ್ಲಿ ಕಸ ಸಿಕ್ಕಿರಬೇಕೆಂದು ಬಿಚ್ಚಿ, ಬಾಯಿಂದ ಎಳೆದೆ. ಬಾಯಿ ತುಂಬ ಪೆಟ್ರೋಲ್ ಬಂತು, ಕಸ ಬರಲಿಲ್ಲ. ನಳಿಗೆಯನ್ನು ಮತ್ತೆ ಜೋಡಿಸಿದೆ.

"ಮಾಮಾ, ಲಗೂ ಮಾಡೋ!" ಎಂದು ನೀಲವ್ವ ಒಳಗಿಂದ ಚೀರಿದಳು.

ಅವಳ ಪಕ್ಕದಲ್ಲಿದ್ದ ಅಕ್ಕ, "ಹುಸೇನಪ್ಪಾ, ನಿನ್ನ ಬರಿಗಾಲಿಗೆ ಇಂಜಿನ್ ಕಾವು ಹತ್ತತೈತೆಂತ ಅಡಿಗೆ ಕೌದಿ ಮಡಚಿ ಹಾಸೇನಿ. ಮೆತ್ತಗೈತಿಲ್ಲೋ?" ಎಂದಳು.

ನಾವಿಬ್ಬರೂ ಬಗ್ಗಿ ನೋಡಿದೆವು. ಕೌದಿ ಎಕ್ಸಿಲರೇಟರಿನ ಅಡಿಗೆ ಸೇರಿಕೊಂಡಿತ್ತು; ಎಷ್ಟು ಒತ್ತಿದರೂ ಎಕ್ಸಿಲರೇಟರು ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಕಣ್ಣು ಮಿಟುಕಿಸಿದೆ. ಹುಸೇನಸಾಬ ಅಕ್ಕನಿಗೆ ಕಾಣದಂತೆ ಕೌದಿಯನ್ನು ಪಕ್ಕಕ್ಕೆಳೆದು, "ಭಾಳ ಮೆತ್ತಗೈತ್ರಿ ಅವ್ವಾರ," ಎಂದ. ಮೋಟಾರು ಏರು ಹತ್ತಿತು.

"ನೋಡಿದ್ಯಾ ಅಕ್ಕಾ, ಕಸಾನ ನುಂಗಿಬಿಟ್ಟೆ!" ಎಂದೆ.

ಈಗ ನೀಲವ್ವನ ಮಗ ಅದೇ ಕೌದಿಯಲ್ಲಿ ಮಲಗಿದ್ದಾನೆ. ಅಕ್ಕ ದವಾಖಾನೆ ತುಂಬ ನನ್ನನ್ನು ಹೊಗಳುತ್ತಿದ್ದಾಳೆ. ಬೇಡವೆನ್ನೋಣವೆಂದರೆ ಬಾಯಿ ತೆರೆಯುವಂತಿಲ್ಲ, ಇನ್ನೂ ಪೆಟ್ರೋಲ್ ನಾರುತ್ತಿದೆ.