ಹೊಳೆ ಆಟದ ಎರಡನೇ ಭಾಗ

ರಾಜಿ, ಆ ಫ್ಲಾಪಿ ತಾನಾಗಿ ಕೆಡಲಿಲ್ಲ. ಕೆಡಿಸಿದವನು ನಾನು.

ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ದೊಡ್ಡ ಸ್ಪೀಕರಿನ ಅಯಸ್ಕಾಂತದ ಮೇಲೆ ಅದನ್ನು ಇಟ್ಟೆ. ಮಗುಚಿ ಇನ್ನೊಂದು ಮಗ್ಗುಲನ್ನೂ ಇಟ್ಟೆ. ಚೆನ್ನಾಗಿ ಉಜ್ಜಿದೆ. ಕೈತಪ್ಪಿ ಅಲ್ಲ, ಮರೆತೂ ಅಲ್ಲ — ಗೊತ್ತಿದ್ದೇ ಮಾಡಿದೆ. ಅಯಸ್ಕಾಂತ ತಗುಲಿದರೆ ಫ್ಲಾಪಿಯೊಳಗಿನದೆಲ್ಲ ಅಳಿಸಿಹೋಗುತ್ತದೆ ಎಂಬುದು ಮಂಡಿ ಮೊಹಲ್ಲಾದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆಮೇಲೆ ನಿನ್ನ ಮುಖ ನೋಡಿಕೊಂಡೇ ಹೇಳಿದೆ: "ಬೂಸ್ಟು ಹಿಡಿದಿತ್ತು ಕಣಮ್ಮ, ಈ ಫ್ಲಾಪಿಗಳ ಹಣೆಬರಾನೇ ಅಂಗೆ."

ನೀನು ನಂಬಿದೆ. ಅದೇ — ನಂಬಿದೆಯಲ್ಲ, ಅದೇ ಇಷ್ಟು ವರ್ಷ...

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊಳೆ ಆಟದ ಮೂರನೇ ಭಾಗ ಬರುತ್ತಿದೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತೇನೆ. ಬೇರೆಯವರೂ ಓದಲಿ. ತಂಗಿಯೊಬ್ಬಳ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸುವ ಮಾತಲ್ಲ ಇದು.

ಬರಲಿರುವ ಕಂಪ್ಯೂಟರ್ ಆಟಗಳ ಬಗ್ಗೆ ಮಾತಾಡಲು ನನಗೆ ಅಳುಕಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸ್ಪೀಕರು ರಿಪೇರಿಗೆ ಕೂತವನು ನಾನು, ನಿಜ. ಆದರೆ ಅಂಗಡಿಗೆ ಬರುವ ಕಾಲೇಜಿನವರು ಇವತ್ತಿಗೂ ನನ್ನನ್ನೇ ಕೇಳುತ್ತಾರೆ.

"ನಂಜುಂಡಣ್ಣ, ಆ ಕಾರಿನ ಆಟದ ಹೊಸಾದು ಬರ್ತದಂತಲ್ಲ, ಎಂಗಿರ್ತದೆ?"

"ಕಾರು ಜಾಸ್ತಿ ಇರ್ತವೆ. ರಸ್ತೆ ಅದೇ ಇರ್ತದೆ."

"ಯುದ್ಧದ್ದು?"

"ಹೊಗೆ ಚೆನ್ನಾಗಿರ್ತದೆ. ಸಾಯೋರು ಮೊದ್ಲು ಸತ್ತಂಗೇ ಸಾಯ್ತರೆ. ಅದುಕ್ಕೋಸ್ಕರ ಹೊಸ ಗ್ರಾಫಿಕ್ಸ್ ಕಾರ್ಡು ಹಾಕುಸ್ಬ್ಯಾಡಿ ಕಣ್ರೋ."

ಆಟ ಬಂದ ಮೇಲೆ ಮತ್ತೆ ಬಂದು, ನೀವು ಹೇಳಿದ ಹಾಗೇ ಇದೆ ಅನ್ನುತ್ತಾರೆ. ನನ್ನ ಮಾತು ತಪ್ಪುವುದು ಕಡಿಮೆ. ಯಾಕೆಂದರೆ ನಾನು ನೋಡುವುದು ಒಂದನ್ನೇ: ಮೊದಲ ಭಾಗದಲ್ಲಿ ನಾವು ಮಾಡಿದ್ದು ಎರಡನೆಯದಕ್ಕೆ ನೆನಪಿರುತ್ತದೆಯೇ? ನೆನಪಿದ್ದರೆ ಅದು ಮುಂದಿನ ಭಾಗ. ಇಲ್ಲದಿದ್ದರೆ, ಅಣ್ಣನ ಅಂಗಿ ತೊಟ್ಟುಕೊಂಡು ಬಂದ ಬೇರೆ ಮನೆಯವನು, ಅಷ್ಟೆ.

ನೆನಪಿನ ಬೆಲೆ ಗೊತ್ತಿದ್ದವನೇ ಅದನ್ನು ಅಯಸ್ಕಾಂತಕ್ಕೆ ಉಜ್ಜಿದ್ದು — ಇದನ್ನೂ ಬರೆದುಬಿಡುತ್ತೇನೆ.

ಆಗ ನೀನು ಪಿ.ಯು.ಸಿ. ಮುಗಿಸಿ, ನಮ್ಮ ಅಂಗಡಿಯ ಬೀದಿಯಲ್ಲೇ ಸಾಹೇಬರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಭಾನುವಾರ ಮಧ್ಯಾಹ್ನ ಪ್ರೆಸ್ಸಿಗೆ ರಜೆ. ಸಾಹೇಬರು ಬೀಗದ ಕೈ ಕೊಟ್ಟು, "ಆಡ್ಕೊಳಿ, ಆದ್ರೆ ಚಪ್ಲಿ ಹೊರ್ಗೆ, ಕಾಫಿನೂ ಹೊರ್ಗೆ" ಅನ್ನುತ್ತಿದ್ದರು. ಆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಕೈಕೊಟ್ಟಾಗಲೆಲ್ಲ ಅವರಿಗೆ ಗೊತ್ತಿದ್ದ ಮದ್ದು ಒಂದೇ — ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸುವುದು. ಅದಕ್ಕೇ ನಾವು ಆಡಿದ ಆಟವನ್ನು ನೀನು ಫ್ಲಾಪಿಯಲ್ಲಿ ಉಳಿಸಿ, ಅರಿಸಿನ ಬಣ್ಣದ ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದೆ.

ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮಗೆ ಅದು ಹೊಳೆ ಆಟ. ಒಂದು ದೊಡ್ಡ ಹೊಳೆ, ಎರಡೂ ದಡಗಳಲ್ಲಿ ಕೋಟೆಗಳು, ರಾಜ್ಯ ಕಳೆದುಕೊಂಡ ಯುವರಾಜ, ಅವನನ್ನು ಕದ್ದು ದಾಟಿಸುವ ಒಬ್ಬ ಮುದುಕ ಅಂಬಿಗ. ಯಾರಾದರೂ ಮಾತಾಡಿದರೆ ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಮೂಡುತ್ತಿತ್ತು. ಅದರ ಕೆಳಗೆ ಒಂದು, ಎರಡು, ಮೂರು ಅಂತ ನಾವು ಕೊಡಬಹುದಾದ ಉತ್ತರಗಳು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಿನಗೆ ಕತ್ತಿ ಬೀಸಲು, ದೋಣಿ ತಿರುಗಿಸಲು ಕೈ ಓಡುತ್ತಿರಲಿಲ್ಲ. ನಾನು ಕೀಬೋರ್ಡಿನ ಮುಂದೆ, ನೀನು ಪಕ್ಕದ ಸ್ಟೂಲಿನ ಮೇಲೆ. ನೀನು ಓದಿ, ಕನ್ನಡದಲ್ಲಿ ಹೇಳಿ, ಆಮೇಲೆ "ಒಂದು ಒತ್ತಣ್ಣ" ಅಂದರೆ ಒಂದು. "ಮೂರು" ಅಂದರೆ ಮೂರು. ಹೆಚ್ಚಾಗಿ ಒಂದೇ ಅನ್ನುತ್ತಿದ್ದೆ — ಮರ್ಯಾದೆಯ ಮಾತು ಮೊದಲು ಇರುತ್ತದಂತೆ.

ಅಂಬಿಗನಿಗೆ ಕಾಳಪ್ಪ ತಾತ ಅಂತ ಹೆಸರಿಟ್ಟವಳು ನೀನು. ಅವನು ತೆರೆಯ ಮೇಲೆ ಬಂದ ಅಂದರೆ ನಿನ್ನ ಗಂಟಲೇ ಬೇರೆಯಾಗುತ್ತಿತ್ತು.

"ಬಂದ್ರಾ ಬುದ್ಧಿ? ನಿಂತ್ಕಬ್ಯಾಡಿ, ದೋಣಿ ಅಳ್ಳಾಡ್ತದೆ, ಕುತ್ಕಳಿ. ಮೊದ್ಲು ನನ್ ಮಂಡಿ ನೋವು ಕೇಳಿ, ಆಮೇಕೆ ನಿಮ್ ಯುದ್ಧ."

ಇನ್ನೊಂದು ಸಲ, ಲಂಗರು ಕಳೆದುಹೋದಾಗ — "ಯೋಚ್ನೆ ಬುಡಿ ಬುದ್ಧಿ. ನಮ್ ಸೊಸೆ ಕಟ್ಟಿದ್ ಮುದ್ದೆ ಐತೆ, ಹಗ್ಗ ಕಟ್ಟಿ ಇಳಿಬುಟ್ರೆ ಆನೆ ಬಂದ್ರೂ ದೋಣಿ ಅಳ್ಳಾಡಲ್ಲ!"

ನಾನು ನಕ್ಕು ನಕ್ಕು ಸೈನಿಕರ ಕೈಲಿ ಸತ್ತಿದ್ದೇನೆ, ಎಷ್ಟೋ ಸಲ. "ನಗ್ಬ್ಯಾಡ, ಕೈ ನೋಡು, ಕೈ ನೋಡು!" ಅಂತ ನೀನು ಸ್ಟೂಲು ಬಡಿಯುತ್ತಿದ್ದೆ. ಇಂಗ್ಲಿಷಿನವರು ಎಷ್ಟು ಚೆನ್ನಾಗಿ ಬರೆಯುತ್ತಾರಪ್ಪಾ ಅಂದುಕೊಳ್ಳುತ್ತಿದ್ದೆ ನಾನು.

ಮೊದಲ ಭಾಗದ ಕೊನೆಯಲ್ಲಿ ತಾತನನ್ನು ರಾಜನ ಕೈಗೆ ಸಿಗದ ಹಾಗೆ ಬಚ್ಚಿಡಬಹುದಿತ್ತು. ಅದು ಕಷ್ಟದ ದಾರಿ. ಅಲ್ಲಿ ಕೈ ನನ್ನದು, ಹಟ ನಿನ್ನದು. ಉಳಿಸಿಕೊಂಡೆವು. ಎರಡನೇ ಭಾಗ ಬರುತ್ತದೆ, ಅದಕ್ಕೆ ಈ ಫ್ಲಾಪಿ ಹಾಕಿದರೆ ತಾತ ಬದುಕಿರುವುದು ಗೊತ್ತಾಗುತ್ತದೆ ಅಂತ ಓದಿ ಹೇಳಿದವಳೂ ನೀನೇ.

ಅಷ್ಟರಲ್ಲಿ ನಿನ್ನ ಮದುವೆ ಗೊತ್ತಾಯಿತು. ನಿನ್ನ ಲಗ್ನಪತ್ರಿಕೆಯನ್ನು ನೀನೇ ಟೈಪ್ ಮಾಡಿದೆ. ಕಡಕೊಳಕ್ಕೆ ಹೊರಡುವ ದಿನ, ಮಡಿಲಕ್ಕಿಯ ಗಡಿಬಿಡಿಯಲ್ಲಿ ನನ್ನನ್ನು ಹಿತ್ತಲಿಗೆ ಕರೆದು ಫ್ಲಾಪಿ ಕೊಟ್ಟೆ. ಎಲ್ಲರೂ ನೀನು ಅಳುತ್ತೀಯ ಅಂತ ಕಾಯುತ್ತಿದ್ದರು. ನೀನು ಹೇಳಿದ್ದು ಇದು:

"ಅಂಗಡಿಗೆ ಮಾತ್ರ ತಗೊಂಡೋಗ್ಬ್ಯಾಡ, ಅಲ್ಲಿ ಅಯಸ್ಕಾಂತ ಐತೆ. ಎರಡ್ನೇ ಭಾಗ ಬಂದ್ರೂ ನಾ ಬರೋಗಂಟ ಮುಟ್ಬ್ಯಾಡ. ತಾತನ್ ಜೊತೆ ನಾನಿರ್ಬೇಕು. ಆಣೆ ಮಾಡು."

"ಬೆಟ್ಟದ ತಾಯಾಣೆ ಕಣಮ್ಮ."

ಆಣೆ ಮಾಡಿದ ಬಾಯಿ ಇದೇ.

ಆಟದ ಎರಡನೇ ಭಾಗ ಬಂತು. ಗೌರಿ ಹಬ್ಬ ಹತ್ತಿರವಿತ್ತು. ಬಾಗಿನ ತೆಗೆದುಕೊಳ್ಳಲು ನೀನು ಬರುವವಳಿದ್ದೆ. ಕಾಯುವುದು ದೊಡ್ಡ ಕೆಲಸವೇನಲ್ಲ. ಸಾಹೇಬರು ಅದರ ಸಿ.ಡಿ. ಹಿಡಿದುಕೊಂಡು ಅಂಗಡಿಗೆ ಬಂದು, ತಮಾಷೆಗೆ ಒಂದು ಮಾತು ಹೇಳಿದರು: "ಏನಪ್ಪಾ ನಂಜುಂಡ, ತಂಗಿ ಇಲ್ದಿದ್ರೆ ಕೈಯೇ ಓಡಲ್ವಾ? ಆಡೋನು ನೀನೋ, ಅವ್ಳೋ?"

ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ಆ ಮಾತು ನನ್ನೊಳಗೆ ಮೊದಲೇ ಇತ್ತು. ಕೋಟೆ ಗೆದ್ದವನು ನಾನು, ದೋಣಿ ತಿರುಗಿಸಿದವನು ನಾನು — ಓದುವುದೇನು ಮಹಾ, ಯಾರು ಬೇಕಾದರೂ ಓದುತ್ತಾರೆ... ಹೀಗೆ ಅಂದುಕೊಂಡಿದ್ದೆ. ಓದು ಬಾರದವನು ಓದನ್ನು ಹಗುರ ಮಾಡಿ ನೋಡುವುದರಲ್ಲಿ ಒಂದು ಸುಖವಿದೆ. ಆ ಸುಖ ನನಗೆ ಗೊತ್ತು.

ಆ ಭಾನುವಾರ ಒಬ್ಬನೇ ಕೂತೆ. ಫ್ಲಾಪಿ ಹಾಕಿದೆ. ತೆರೆಯ ಮೇಲೆ ಹೊಳೆ, ದೋಣಿ, ತಾತ. ಆಟಕ್ಕೆ ನೆನಪಿತ್ತು! ದಡಕ್ಕೆ ಬರುವಷ್ಟರಲ್ಲಿ ಸೈನಿಕರು ಸುತ್ತುವರಿದರು. ಏನೋ ಕೇಳಿದರು. ಕೆಳಗೆ ಮೂರು ಉತ್ತರ ಮೂಡಿದವು. ಪಕ್ಕಕ್ಕೆ ತಿರುಗಿದೆ. ಸ್ಟೂಲು ಖಾಲಿ. ಅಭ್ಯಾಸ ನೋಡು — ಒಂದು ಒತ್ತಿದೆ.

ತಾತನ ಕೈ ಕಟ್ಟಿ ಕರೆದುಕೊಂಡು ಹೋದರು.

ಗಾಬರಿಯಾಯಿತು. ಹಿಂದಕ್ಕೆ ಹೋಗಲು ಏನೇನೋ ಒತ್ತಿದೆ. ಮತ್ತೊಂದು ಪ್ರಶ್ನೆ ಮೂಡಿತು. ಅದಕ್ಕೂ ಮೊದಲ ಉತ್ತರವನ್ನೇ ಒತ್ತಿದೆ. ಫ್ಲಾಪಿಯ ದೀಪ ಮಿನುಗಿತು. ಹಳೆಯದನ್ನು ಅಳಿಸಿ ಇದನ್ನೇ ಬರೆಯಲೇ ಅಂತ ಅದು ಕೇಳಿತ್ತು ಎಂಬುದು ಆಮೇಲೆ ತಿಳಿಯಿತು. ಮತ್ತೆ ಎಷ್ಟು ಸಲ ಫ್ಲಾಪಿ ಹಾಕಿದರೂ ಖಾಲಿ ದೋಣಿ, ದಡದಲ್ಲಿ ಬಿದ್ದ ಹುಟ್ಟು.

ಇಲ್ಲಿಯವರೆಗಿನದು ಆತುರ, ಜಂಬ. ಹೇಳಿದ್ದರೆ ನೀನು ಬೈಯುತ್ತಿದ್ದೆ, ಒಂದು ಹಬ್ಬ ಮಾತು ಬಿಡುತ್ತಿದ್ದೆ, ಆಮೇಲೆ ನಗುತ್ತಿದ್ದೆ. ಆದರೆ ಹಬ್ಬದ ದಿನ ನೀನು ಬಂದು ಆ ಖಾಲಿ ದೋಣಿ ನೋಡುವುದನ್ನು ನೆನೆಸಿಕೊಂಡೆ. ಅಣ್ಣನಿಗೆ ಮೂರು ಸಾಲು ಓದಲು ಬರಲಿಲ್ಲ ಅಂತ ನಿನಗೆ ತಿಳಿಯುವುದನ್ನು ನೆನೆಸಿಕೊಂಡೆ. ಮಾರನೆಯ ದಿನವೇ ಫ್ಲಾಪಿಯನ್ನು ಅಂಗಡಿಗೆ ಒಯ್ದೆ. ನೀನು ಎಲ್ಲಿಗೆ ಒಯ್ಯಬೇಡ ಅಂದಿದ್ದೆಯೋ ಅಲ್ಲಿಗೇ.

ಹಬ್ಬದ ದಿನ ಊಟ ಮುಗಿಸಿ, ಎಲೆ ಎತ್ತುವ ಮೊದಲೇ ನೀನು "ನಡಿಯಣ್ಣ, ಸಾಹೇಬ್ರತ್ರ ಬೀಗದ ಕೈ ಇಸ್ಕಂಡಿವ್ನಿ" ಅಂದೆ. ಫ್ಲಾಪಿ ಹಾಕಿದಾಗ ಕಟ ಕಟ ಅನ್ನುವ ಸದ್ದು ಮಾತ್ರ. ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದೆ. ನಾನು ಬೂಸ್ಟಿನ ಸುಳ್ಳು ಹೇಳಿದೆ. ನೀನು ಫ್ಲಾಪಿಯನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತುತ್ತಾ, "ತಪ್ಪು ನಂದೇ. ಎರಡು ಫ್ಲಾಪಿಗೆ ಹಾಕಿಡ್ಬೇಕಿತ್ತು" ಅಂದೆ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ — "ಹೋಗ್ಲಿ ಬುಡು, ಮೊದ್ಲಿಂದ ಆಡಾನ" ಅನ್ನುವುದಕ್ಕೆ.

"ಬ್ಯಾಡ ಕಣಣ್ಣ. ಅವೇ ಮಾತು ಎರಡ್ನೇ ಸಲ ಬರಲ್ಲ."

ನನಗೆ ಅರ್ಥವಾಗಲಿಲ್ಲ. ಆಟದಲ್ಲಿ ಬರೆದಿರುವ ಮಾತು ಯಾಕೆ ಬರುವುದಿಲ್ಲ? ಸೊಕ್ಕಿನ ಮಾತು ಅಂದುಕೊಂಡೆ. ಆ ದಿನದಿಂದ ನೀನು ಯಾವ ಆಟದ ಮುಂದೆಯೂ ಕೂರಲಿಲ್ಲ. ನಿನ್ನ ಮನೆಗೇ ಕಂಪ್ಯೂಟರ್ ಬಂದ ಮೇಲೂ ಕೂರಲಿಲ್ಲ. ಭಾವ ಒಮ್ಮೆ, "ನಿಮ್ ತಂಗಿ ಮಾತೇ ಕಮ್ಮಿ ಕಣ್ರೀ" ಅಂದರು. ನಾನು ಹೂಂ ಅಂದೆ. ಹೂಂ ಅಂದೆ, ರಾಜಿ.

ನಾನು ಮಾತ್ರ ಆಡುವುದನ್ನು ಬಿಡಲಿಲ್ಲ. ಶ್ರೀರಾಂಪುರದ ಬಾಡಿಗೆ ಮನೆಗೆ ಬಂದ ಮೇಲೆ ಹಳೆಯ ಕಂಪ್ಯೂಟರೊಂದನ್ನು ತಂದು ಹಾಕಿಕೊಂಡೆ. ಆಂಪ್ಲಿಫೈಯರ್ ಡಬ್ಬದ ಮೇಲಿನ ಅಕ್ಷರಗಳಿಂದ ಹಿಡಿದು, ಒಂದೊಂದೇ ಕೂಡಿಸಿಕೊಂಡು ಇಂಗ್ಲಿಷ್ ಓದಲು ಕಲಿತೆ. ನಿಧಾನ. ಆದರೆ ಒಂದು ಪದವನ್ನೂ ಬಿಟ್ಟು ಓದುವುದಿಲ್ಲ.

ಮೂರನೇ ಭಾಗ ಬರುವ ಸುದ್ದಿ ತಿಳಿದ ಮೇಲೆ, ಮೊದಲ ಭಾಗವನ್ನು ಹುಡುಕಿ ತಂದು ಮತ್ತೆ ಶುರುಮಾಡಿದೆ. ಕಾಳಪ್ಪ ತಾತ ಬಂದ. ಕುರ್ಚಿ ಎಳೆದುಕೊಂಡೆ. ಈಗ ನಾನೇ ಓದುತ್ತೇನೆ, ಮಂಡಿ ನೋವು, ಸೊಸೆಯ ಮುದ್ದೆ, ಎಲ್ಲವನ್ನೂ — ಅಂದುಕೊಂಡು ಕಣ್ಣು ನೆಟ್ಟೆ.

ಕೆಳಗೆ ಇದ್ದದ್ದು ಇಂಗ್ಲಿಷಿನ ಎರಡೇ ಪದ. "ಎಲ್ಲಿಗೆ?" ಅಂತ.

ಮತ್ತೆ ಮಾತಾಡಿಸಿದೆ. ಎಲ್ಲಿಗೆ? ಇನ್ನೊಂದು ದಡದಲ್ಲಿ ಮಾತಾಡಿಸಿದೆ. ಎಲ್ಲಿಗೆ? ಲಂಗರು ಕಳೆಯುವ ಜಾಗಕ್ಕೆ ಬಂದೆ. ಲಂಗರು ಕಳೆದಿದೆ, ಅಷ್ಟೇ ಬರೆದಿತ್ತು. ಆ ಮುದುಕನಿಗೆ ಮಂಡಿಯೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಅವನು ಬೇರೆ ಮಾತೇ ಆಡುವುದಿಲ್ಲ. ಆಡಿದವಳು ನೀನು. ಓದಿ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ — ನೀನು ಓದುತ್ತಿರಲಿಲ್ಲ, ರಾಜಿ. ಮಾಡುತ್ತಿದ್ದೆ. ಪ್ರಪಂಚದಲ್ಲಿ ಎಲ್ಲರೂ ಆಡಿದ ಆಟ ಒಂದು, ಸಾಹೇಬರ ಪ್ರೆಸ್ಸಿನಲ್ಲಿ ನಾವು ಆಡಿದ್ದು ಇನ್ನೊಂದು. ಆ ಇನ್ನೊಂದು ಬೇರೆಲ್ಲೂ ಇರಲಿಲ್ಲ.

ನಾನು ಅಯಸ್ಕಾಂತಕ್ಕೆ ಉಜ್ಜಿದ್ದು ಒಂದು ಫ್ಲಾಪಿ ಅಂತ ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಅಷ್ಟಕ್ಕೇ ನಿದ್ದೆ ಕೆಡುತ್ತಿತ್ತು. ಈಗ ಗೊತ್ತಾಯಿತು.

ಮೂರನೇ ಭಾಗದಲ್ಲಿ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಾರಂತೆ. ಅಂಬಿಗನಿಗೂ ದೊಡ್ಡ ನಟನೊಬ್ಬನ ಧ್ವನಿ ಕೊಟ್ಟಿದ್ದಾರಂತೆ. ಕಾಲೇಜಿನವರು ಕುಣಿಯುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರು. ಆ ಧ್ವನಿ ಎಷ್ಟೇ ದೊಡ್ಡದಾಗಿರಲಿ, ಚಿಕ್ಕದಾಗಿಯೇ ಕೇಳುತ್ತದೆ ಅಂದೆ. ಜೀವಮಾನವೆಲ್ಲ ಸ್ಪೀಕರು ಸರಿಮಾಡಿದವನು ಹೇಳುತ್ತಿದ್ದೇನೆ: ಆ ಆಟ ಬಂದ ದಿನ ನನ್ನ ಮನೆಯ ಸ್ಪೀಕರಿನ ವೈರು ಕಿತ್ತಿಡುತ್ತೇನೆ.

ಈ ಭಾನುವಾರ ಕಡಕೊಳಕ್ಕೆ ಬಂದು, ಬರೆದಿರುವುದನ್ನೆಲ್ಲ ನಿನ್ನೆದುರು ನಾನೇ ಓದುತ್ತೇನೆ. ಭಾವನೂ ಕೇಳಲಿ. ಕ್ಷಮಿಸು ಅಂತ ಕೇಳುವುದಿಲ್ಲ. ಬಂದು ಆಡು ಅಂತಲೂ ಕೇಳುವುದಿಲ್ಲ — ಕೇಳುವ ಬಾಯಿ ನನಗಿಲ್ಲ. ನೀನು ಬಾರದೇ ಇದ್ದರೆ ಮೂರನೇ ಭಾಗ ನನ್ನ ಮನೆಯಲ್ಲಿ ಪೊಟ್ಟಣ ಒಡೆಯದೇ ಇರುತ್ತದೆ. ಈ ಸಲ ಆಣೆ ಮಾಡುವುದಿಲ್ಲ. ಸುಮ್ಮನೆ ಹಾಗೇ ಇರುತ್ತದೆ.

ಮೊದಲ ಭಾಗ ಈಗಲೂ ತೆರೆದಿದೆ. ಪಕ್ಕದಲ್ಲಿ ಒಂದು ಸ್ಟೂಲು ಇಟ್ಟಿದ್ದೇನೆ. ಅಂಬಿಗ ದಡದಲ್ಲಿ ನಿಂತು ಎಲ್ಲಿಗೆ ಅಂತ ಕೇಳುತ್ತಿದ್ದಾನೆ. ಕೆಳಗೆ ಮೂರು ಉತ್ತರ ಇವೆ. ಮೂರನ್ನೂ ಓದಬಲ್ಲೆ.

ಯಾವುದನ್ನೂ ಒತ್ತಿಲ್ಲ.